‘ನಾವು’ ಎಂಬ ಮಾತಿನ ಎಲ್ಲೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಹಲವು ಭಾಷೆ, ಹಲವು ಧರ್ಮಗಳ ಜನ ಒಂದೆಡೆ ಸೇರಿದಷ್ಟೂ ಪರಸ್ಪರ ನಂಬಿಕೆ ಕುಸಿಯುತ್ತದೆ ಎಂಬ ನಿನ್ನ ಆತಂಕವನ್ನು ನಾನು ತಳ್ಳಿಹಾಕಲಾರೆ. ಅಮೆರಿಕದ ರಾಜಕೀಯ ವಿಜ್ಞಾನಿ ರಾಬರ್ಟ್ ಪಟ್ನಮ್ ಸುಮಾರು 30,000 ಜನರ ಸಮೀಕ್ಷೆಯ ಆಧಾರದ ಮೇಲೆ 2007ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ: ವೈವಿಧ್ಯ ಹೆಚ್ಚಿರುವ ಕಡೆ ಜನ ಪರರನ್ನಷ್ಟೇ ಅಲ್ಲ, ತಮ್ಮವರನ್ನೂ ಕಡಿಮೆ ನಂಬುತ್ತಾರೆ. ಆದರೆ ಇದು ಆರಂಭದ ಹಂತದ ಮಾತೆಂದೂ, ಕಾಲ ಕಳೆದಂತೆ ‘ನಾವು’ ಎಂಬುದರ ಎಲ್ಲೆ ಹಿಗ್ಗಬಲ್ಲದೆಂದೂ ಅವರು ಅಲ್ಲಿಯೇ ಬರೆದಿದ್ದಾರೆ. ಆ ಭಾಗವನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ಎಲ್ಲೆ ಹಿಗ್ಗುವುದನ್ನು ನಾನು ಕಂಡದ್ದು ಮಗಳು ಜ್ವರದಿಂದ ಮಲಗಿದ್ದ ಮಕ್ಕಳ ವಾರ್ಡಿನಲ್ಲಿ. ಪಕ್ಕದ ಹಾಸಿಗೆಯ ತಾಯಿಗೂ ನನಗೂ ಒಂದೇ ಒಂದು ಸಮಾನ ಪದವಿರಲಿಲ್ಲ. ನಡುರಾತ್ರಿ ನನಗೆ ಜೊಂಪು ಹತ್ತಿದ್ದಾಗ ಆಕೆ ನನ್ನ ಭುಜ ಮುಟ್ಟಿ ಎಬ್ಬಿಸಿ, ಮಗಳ ಡ್ರಿಪ್ ಬಾಟಲಿ ಖಾಲಿಯಾಗುತ್ತಿರುವುದನ್ನು ತೋರಿಸಿದಳು. ಮರುರಾತ್ರಿ ಆಕೆಯ ಮಗುವಿನ ಬಾಟಲಿಯನ್ನು ನಾನು ಕಾದೆ. ನಮ್ಮಲ್ಲಿ ಯಾರೂ ಮತ್ತೊಬ್ಬರ ಸಂಸ್ಕೃತಿಯನ್ನು ಮೆಚ್ಚಿಕೊಂಡಿರಲಿಲ್ಲ. ಇಬ್ಬರಿಗೂ ಸಿಕ್ಕಿದ್ದು ಒಂದೇ ಬಗೆಯ ಹಾಸಿಗೆ, ಒಂದೇ ಸರದಿ, ಒಂದೇ ದಿಗಿಲು.

ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಲ್ಲಿಯೇ ಹೇಳಿದ್ದು ಇದನ್ನೇ ಎಂದು ಆಮೇಲೆ ಹೊಳೆಯಿತು. ಬರೀ ಅಕ್ಕಪಕ್ಕ ಇದ್ದರೆ ಪೂರ್ವಗ್ರಹ ಕರಗದು. ಸಮಾನ ಸ್ಥಾನ, ಸಮಾನ ಗುರಿ, ಕೂಡಿ ಮಾಡುವ ಕೆಲಸ, ಇವುಗಳ ಬೆನ್ನಿಗೆ ನಿಲ್ಲುವ ಸಂಸ್ಥೆ ಅಥವಾ ಕಾನೂನು ಬೇಕು. ಮುಂದೆ 2006ರಲ್ಲಿ 515 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಈ ಅನುಕೂಲಗಳು ಪೂರ್ತಿ ಇಲ್ಲದಿದ್ದರೂ ಒಡನಾಟವು ಸಾಮಾನ್ಯವಾಗಿ ಪೂರ್ವಗ್ರಹವನ್ನು ತಗ್ಗಿಸುತ್ತದೆ, ಅವು ಇದ್ದಲ್ಲಿ ಇನ್ನಷ್ಟು ತಗ್ಗಿಸುತ್ತದೆ ಎಂಬುದು ಕಂಡುಬಂತು.

ಬಹುಸಂಸ್ಕೃತಿ ಎಂದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿರುವುದು ಎಂದು ನೀನು ಬರೆದಿದ್ದೆ. ಕೆನಡಾ 1971ರಲ್ಲಿ ಅದನ್ನು ಸರ್ಕಾರದ ನೀತಿಯಾಗಿ ಘೋಷಿಸಿದಾಗ, ಸಮುದಾಯಗಳ ಸಂಸ್ಕೃತಿಗೆ ನೆರವು ನೀಡುವುದರ ಜೊತೆಗೆ, ವಲಸೆ ಬಂದವರು ಅಧಿಕೃತ ಭಾಷೆಗಳಲ್ಲಿ ಒಂದನ್ನಾದರೂ ಕಲಿಯಲು ನೆರವಾಗುವುದಾಗಿಯೂ, ಸಮುದಾಯಗಳ ನಡುವೆ ಕೊಡುಕೊಳೆ ಬೆಳೆಸುವುದಾಗಿಯೂ ಮಾತು ಕೊಟ್ಟಿತ್ತು. ಮಾತಿನ ಈ ಎರಡನೆಯ ಅರ್ಧವನ್ನು ಕೈಬಿಟ್ಟರೆ ಉಳಿಯುವುದು ವರ್ಷಕ್ಕೊಮ್ಮೆಯ ವೇಷಭೂಷಣ ಮಾತ್ರ.

ಹಾಗಾಗಿ ನಿನ್ನಲ್ಲಿ ಒಂದು ಪ್ರಶ್ನೆ. ನಿನ್ನ ಬಡಾವಣೆಯ ಸಂಘಕ್ಕೆ ಹೊಸಬರು ವಾರ್ಷಿಕೋತ್ಸವದಲ್ಲಿ ಹಾಡಲಷ್ಟೇ ಬರುತ್ತಾರೆಯೇ, ಇಲ್ಲವೇ ಕೂತು ಲೆಕ್ಕಪತ್ರವನ್ನೂ ನೋಡುತ್ತಾರೆಯೇ? ವಿವರವಾಗಿ ಬರೆ.

ನಿನ್ನ ಗೆಳೆಯ