ಎಫ್‌ಸಿಗೆ (ವಾಹನದ ಅರ್ಹತಾ ತಪಾಸಣೆಗೆ) ಬಂದ ಜೀಪಿನ ಮುಂದಿನ ಚಕ್ರವನ್ನು ಒಮ್ಮೆ ಎತ್ತಿ ನೋಡಿ

ಮಾನ್ಯ ಸಂಪಾದಕರೇ,

ಮಲೆನಾಡಿನ ಹಳೆಯ ಜೀಪುಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಚರ್ಚೆ ನಡೆಯುತ್ತದೆ. ಅವುಗಳ ಹೊಗೆ, ವಯಸ್ಸು, ಪ್ರವಾಸಿಗರಿಂದ ಪಡೆಯುವ ಬಾಡಿಗೆ, ಬಿಳಿ ಬೋರ್ಡು ಹಳದಿ ಬೋರ್ಡಿನ ತಕರಾರು ಎಲ್ಲವೂ ಅದರಲ್ಲಿ ಬರುತ್ತವೆ. ಆದರೆ ಘಾಟಿಯಲ್ಲಿ ಆ ಜೀಪನ್ನು ಹಿಡಿದು ನಿಲ್ಲಿಸಬೇಕಾದ ಮುಂದಿನ ಚಕ್ರಗಳ ಬೇರಿಂಗ್ ಮತ್ತು ಬ್ರೇಕಿನ ಸ್ಥಿತಿಯ ಬಗ್ಗೆ ಒಂದು ಸಾಲು ಬಂದದ್ದನ್ನೂ ನಾನು ಓದಿಲ್ಲ. ಹೊಸನಗರ ತಾಲ್ಲೂಕಿನಲ್ಲಿ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಬಳಿ 1994ರ ಮಹೀಂದ್ರಾ ಎಂಎಂ 540 ಫೋರ್ ವೀಲ್ ಜೀಪು ಇದೆ. ನಾನು ಮೆಕ್ಯಾನಿಕ್ ಅಲ್ಲ. ಆದರೂ ಕಳೆದ ವರ್ಷದ ಒಂದು ಅನುಭವದ ನಂತರ ಈ ವಿಷಯವನ್ನು ನಿಮ್ಮ ಓದುಗರ ಮುಂದೆಯೂ ಸಾರಿಗೆ ಇಲಾಖೆಯ ಮುಂದೆಯೂ ಇಡಬೇಕೆನಿಸಿದೆ.

ಮಳೆಗಾಲ ಮುಗಿಯುತ್ತಾ ಬಂದಿದ್ದ ಸಮಯ. ಬಾಳೆಬರೆ ಘಾಟಿ ಇಳಿದು ಸಿದ್ದಾಪುರದ ಕಡೆಗೆ ಹೋಗುತ್ತಿದ್ದಾಗ ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದೊಡನೆ ಜೀಪು ಎಡಕ್ಕೆ ಎಳೆಯಿತು. ಮುಂದಿನ ತಿರುವಿಗೆ ಬರುವಷ್ಟರಲ್ಲಿ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗತೊಡಗಿತು. ಗೇರ್ ಇಳಿಸಿ, ಧರೆಯ ಬದಿಯ ಚರಂಡಿಗೆ ಚಕ್ರ ತಾಗಿಸಿ ಹೇಗೋ ನಿಲ್ಲಿಸಿದೆ. ಇಳಿದು ನೋಡಿದರೆ ಬಲಗಡೆಯ ಮುಂದಿನ ಹಬ್ (ಚಕ್ರದ ನಡುವೆ ಬೇರಿಂಗ್ ಕೂರುವ ಭಾಗ) ಕೈ ಇಡಲಾಗದಷ್ಟು ಕಾದಿತ್ತು, ಸುಟ್ಟ ಗ್ರೀಸಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆ ಚಕ್ರದ ಬೇರಿಂಗನ್ನು ನಾನು ನಾಲ್ಕು ತಿಂಗಳ ಹಿಂದಷ್ಟೇ ಪೇಟೆಯ ಗ್ಯಾರೇಜೊಂದರಲ್ಲಿ ಹೊಸದಾಗಿ ಹಾಕಿಸಿದ್ದೆ. ಮೂವತ್ತು ವರ್ಷ ದಾಟಿದ ಆ ಜೀಪಿನಲ್ಲಿ ಎಲ್ಲಕ್ಕಿಂತ ಹೊಸದಾಗಿದ್ದ ಭಾಗವೇ ಅಂದು ಕೈಕೊಟ್ಟಿತ್ತು.

ಜೀಪನ್ನು ಮನೆಗೆ ಎಳೆಸಿ ತಂದು, ಈಗ ಗ್ಯಾರೇಜು ಮುಚ್ಚಿ ಮನೆಯಲ್ಲೇ ಇರುವ ನಮ್ಮೂರಿನ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಅಂಗಳದಲ್ಲೇ ಬಿಚ್ಚಿಸಿದೆ. ಹಬ್ ಕಳಚಿದ ಕೂಡಲೇ ಅವರು ಆಡಿದ ಮೊದಲ ಮಾತು, "ಇದೇನ್ರೀ, ಹಳೇ ಕಪ್ಪಿಗೆ ಹೊಸ ಕೋನ್ ಹಾಕಿದಾರೆ!" ಜೀಪಿನ ಮುಂದಿನ ಹಬ್‌ನಲ್ಲಿ ಒಳಗೊಂದು ಹೊರಗೊಂದು, ಎದುರುಬದುರಾಗಿ ಎರಡು ಟೇಪರ್ ರೋಲರ್ ಬೇರಿಂಗ್‌ಗಳಿರುತ್ತವೆ. ಪ್ರತಿಯೊಂದಕ್ಕೂ ರೋಲರ್‌ಗಳಿರುವ ಕೋನ್ ಬೇರೆ, ಹಬ್‌ನೊಳಗೆ ಬಿಗಿಯಾಗಿ ಕೂರುವ ಉಕ್ಕಿನ ಬಳೆಯಂಥ ಕಪ್ ಬೇರೆ. ಇವೆರಡೂ ಒಂದರೊಡನೊಂದು ಸವೆದು ಹೊಂದಿಕೊಳ್ಳುವ ಜೋಡಿಯಾದ್ದರಿಂದ ಬದಲಿಸುವಾಗಲೂ ಜೋಡಿಯಾಗಿಯೇ ಬದಲಿಸಬೇಕು. ಆದರೆ ಎರಡಕ್ಕೂ ಬೇರೆ ಬೇರೆ ನಂಬರ್ ಇರುತ್ತದೆ. ಉದಾಹರಣೆಗೆ, ವಿಲ್ಲೀಸ್ ಕಾಲದ ಜೀಪಿನ ಕೋನಿಗೆ 18590, ಕಪ್ಪಿಗೆ 18520. ಅಂಗಡಿಯವರು ಬಿಡಿಬಿಡಿಯಾಗಿ ಕೊಡುತ್ತಾರೆ. ಕಪ್ಪನ್ನು ಹಬ್‌ನಿಂದ ಹೊಡೆದು ತೆಗೆದು ಹೊಸದನ್ನು ನೇರವಾಗಿ ಕೂರಿಸುವ ಕೆಲಸ ತಾಳ್ಮೆ ಬೇಡುವುದರಿಂದ ಗ್ಯಾರೇಜಿನವರು ಕೋನ್ ಮಾತ್ರ ಬದಲಿಸಿ ಕೈ ತೊಳೆದುಕೊಳ್ಳುತ್ತಾರೆ. ನನ್ನ ಜೀಪಿನ ಹಳೆಯ ಕಪ್ಪಿನ ಒಳಮೈ ಸಿಡುಬಿನ ಕಲೆಗಳಂತೆ ಗುಳಿಬಿದ್ದಿತ್ತು. ಅದರ ಮೇಲೆ ಉರುಳಿದ ಹೊಸ ರೋಲರ್‌ಗಳು ನಾಲ್ಕೇ ತಿಂಗಳಲ್ಲಿ ನೀಲಿಗಟ್ಟಿದ್ದವು.

ಎರಡನೆಯದಾಗಿ ಕಂಡದ್ದು ನಟ್ಟಿನ ಮೇಲಿನ ಉಳಿಯ ಗಾಯಗಳು. ಚಕ್ರ ತಿರುಗುವ ಅಚ್ಚಾದ ಸ್ಪಿಂಡಲ್ ಮೇಲೆ ಬೇರಿಂಗನ್ನು ಹಿಡಿದಿಡಲು ಒಂದು ಒಳ ನಟ್, ಅದರ ಮೇಲೆ ಮಡಚುವ ಕಿವಿಗಳಿರುವ ಲಾಕ್ ವಾಷರ್, ಅದರ ಮೇಲೊಂದು ಹೊರ ನಟ್ ಇರುತ್ತವೆ. ಇವನ್ನು ಬಿಚ್ಚಲು ಎರಡು ಇಂಚಿಗೂ ತುಸು ಹೆಚ್ಚು ಅಗಲದ ಕೊಳವೆಯಂಥ ಬಾಕ್ಸ್ ಸ್ಪ್ಯಾನರ್ ಬೇಕು. ಅದು ದುಬಾರಿಯ ವಸ್ತುವೇನಲ್ಲ, ಆದರೆ ಬಹಳಷ್ಟು ಗ್ಯಾರೇಜುಗಳಲ್ಲಿ ಇರುವುದಿಲ್ಲ. ಇಲ್ಲದಿದ್ದಾಗ ಉಳಿಯನ್ನು ನಟ್ಟಿನ ಅಂಚಿಗಿಟ್ಟು ಸುತ್ತಿಗೆಯಿಂದ ಹೊಡೆದು ತಿರುಗಿಸುತ್ತಾರೆ. ಹಾಗೆ ಎದ್ದ ಉಕ್ಕಿನ ಚೂರು ಗ್ರೀಸಿನಲ್ಲಿ ಸಿಕ್ಕಿಕೊಂಡು ಬೇರಿಂಗಿನೊಳಗೆ ಅರೆಯುತ್ತದೆ. ನಮ್ಮ ಮೆಕ್ಯಾನಿಕ್ ಗ್ರೀಸನ್ನು ಬೆರಳುಗಳ ನಡುವೆ ಉಜ್ಜಿ, ಬಿಸಿಲಿಗೆ ಹಿಡಿದು, ಮಿನುಗುತ್ತಿದ್ದ ಚೂರುಗಳನ್ನು ನನಗೆ ತೋರಿಸಿದರು. ಎಷ್ಟು ಬಿಗಿ ಮಾಡಬೇಕೆಂಬುದನ್ನೂ ಉಳಿ ಹೇಳಲಾರದು. ಚಕ್ರವನ್ನು ಕೈಯಿಂದ ತಿರುಗಿಸುತ್ತಲೇ ಒಳ ನಟ್ಟನ್ನು ತುಸು ಹಿಡಿತ ಬರುವವರೆಗೆ ಬಿಗಿದು, ನಂತರ ಸುಮಾರು ಆರನೆಯ ಒಂದು ಸುತ್ತು ಹಿಂದಕ್ಕೆ ಸಡಿಲಿಸಿ, ವಾಷರಿನ ಕಿವಿ ಮಡಚಿ ಲಾಕ್ ಮಾಡುವುದು ಈ ಜೀಪುಗಳ ಹಳೆಯ ಕ್ರಮ. ಹೆಚ್ಚು ಬಿಗಿದರೆ ಬೇರಿಂಗ್ ಕಾಯ್ದು ಸುಡುತ್ತದೆ, ಸಡಿಲವಾದರೆ ಚಕ್ರ ಅಲ್ಲಾಡುತ್ತದೆ. ಅಂದು ಬಿಚ್ಚಿದ ವಾಷರಿನ ಕಿವಿಗಳನ್ನು ಯಾರೂ ಮಡಚಿಯೇ ಇರಲಿಲ್ಲ.

ಬೇರಿಂಗಿನ ಕೆಲಸ ಬೇರೆ, ಬ್ರೇಕಿನ ಕೆಲಸ ಬೇರೆ ಎಂದು ನಾನು ಅದುವರೆಗೆ ತಿಳಿದಿದ್ದೆ. ಗ್ಯಾರೇಜುಗಳೂ ಹಾಗೆಯೇ ಎರಡು ಬಿಲ್ಲು ಬರೆಯುತ್ತವೆ. ಡ್ರಮ್ ಬ್ರೇಕಿನ ಹಳೆಯ ಜೀಪಿನಲ್ಲಿ ಅದು ಒಂದೇ ಕೆಲಸ. ಬ್ರೇಕ್ ಡ್ರಮ್ ಕೂತಿರುವುದು ಆ ಹಬ್ ಮೇಲೆಯೇ ಆದ್ದರಿಂದ, ಬೇರಿಂಗ್ ಸಡಿಲವಾದರೆ ಡ್ರಮ್ ಓರೆಯಾಗಿ ತಿರುಗಿ, ಅದರ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಶೂಗಳನ್ನು ಹಿಂದಕ್ಕೆ ತಳ್ಳುತ್ತದೆ. ಅಷ್ಟು ದೂರವನ್ನು ಮತ್ತೆ ತುಂಬಲು ಪೆಡಲ್ ಕೆಳಗೆ ಹೋಗುತ್ತದೆ. ಹಬ್‌ನ ಹಿಂಬದಿಯ ಆಯಿಲ್ ಸೀಲ್ ಸೋತರೆ ಕರಗಿದ ಗ್ರೀಸು ನೇರವಾಗಿ ಲೈನರ್ (ಶೂಗಳ ಮೇಲಿನ ಘರ್ಷಣೆಯ ಪಟ್ಟಿ) ಮೇಲೆ ಇಳಿಯುತ್ತದೆ. ಬಲಗಡೆಯ ಲೈನರ್ ಎಣ್ಣೆಯಲ್ಲಿ ಅದ್ದಿದಂತಾಗಿದ್ದರಿಂದಲೇ ಬಲಗಡೆ ಬ್ರೇಕ್ ಹಿಡಿಯದೆ ನನ್ನ ಜೀಪು ಎಡಕ್ಕೆ ಎಳೆದದ್ದು. ಗ್ರೀಸು ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಮರಳು ಕಾಗದದಿಂದ ಉಜ್ಜಿ ಮತ್ತೆ ಹಾಕುವ ಅಭ್ಯಾಸ ನಮ್ಮ ಕಡೆ ಇದೆ. ಒಮ್ಮೆ ಡ್ರಮ್ ಕಾದರೆ ಒಳಗೆ ಹೀರಿಕೊಂಡದ್ದೆಲ್ಲ ಮತ್ತೆ ಮೇಲೆ ಬರುತ್ತದೆ. ಆದ್ದರಿಂದ ಎರಡೂ ಬದಿಯ ಶೂಗಳನ್ನು ಒಟ್ಟಿಗೆ ಬದಲಿಸುವುದಲ್ಲದೆ ಬೇರೆ ದಾರಿಯಿಲ್ಲ. ಈ ಕೆಲಸದ ನಡುವೆ ಇನ್ನೊಂದು ಮಾತು: ಡ್ರಮ್ಮಿನ ಧೂಳಿಗೆ ಕಂಪ್ರೆಸರ್ ಗಾಳಿ ಹೊಡೆಯುವ ಗ್ಯಾರೇಜಿನ ಹುಡುಗರನ್ನು ಮಾಲೀಕರು ದಯವಿಟ್ಟು ತಡೆಯಬೇಕು. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಆ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಬ್ರೇಕ್ ಆಯಿಲಿನದು ಇನ್ನೊಂದು ಕಥೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿರಬೇಕು. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಒಳಗೆ ಆವಿಯಾಗಿ, ಪೆಡಲ್ ಒತ್ತಿದ ಬಲವೆಲ್ಲ ಆವಿಯನ್ನು ಅದುಮುವುದರಲ್ಲೇ ಮುಗಿಯುತ್ತದೆ. ವರ್ಷದ ಅರ್ಧ ಭಾಗ ಬಟ್ಟೆಯೇ ಒಣಗದ ನಮ್ಮ ಸೀಮೆಯಲ್ಲಿ ಈ ಆಯಿಲನ್ನು ಎರಡು ವರ್ಷಕ್ಕೊಮ್ಮೆಯಾದರೂ ಪೂರ್ತಿ ತೆಗೆದು ಹೊಸದು ತುಂಬಬೇಕು. ಕಡಿಮೆಯಾದಷ್ಟು ಸುರಿಯುತ್ತಾ ಹೋಗುವುದು ಪರಿಹಾರವಲ್ಲ. ಅದರಲ್ಲೂ ಸಿಜೆ 3ಬಿಯಂಥ ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಬ್ರೇಕ್ ಲೈನ್ ಇದ್ದದ್ದರಿಂದ, ಆಯಿಲಿನ ಒತ್ತಡದಿಂದ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಒಂದು ಸೋರಿದರೂ ನಾಲ್ಕರ ಬ್ರೇಕೂ ಹೋಯಿತೆಂದೇ ಅರ್ಥ.

ನಮ್ಮ ಜೀಪುಗಳಿಗೆ ಇವೆಲ್ಲ ಬೇಗ ಬರುವುದಕ್ಕೆ ಕಾರಣ ನೀರು. ಘಾಟಿ ಇಳಿದು ಕಾದ ಹಬ್, ಹಳ್ಳ ದಾಟುವಾಗ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಅಂಚಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನನ್ನ ಜೀಪಿನ ಎಡಗಡೆಯ ಹಬ್‌ನಲ್ಲಿ ಗ್ರೀಸು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಆ ಬದಿಯಿಂದ ಒಂದು ಸದ್ದೂ ಇನ್ನೂ ಬಂದಿರಲಿಲ್ಲ. 1343 ಮೀಟರ್ ಎತ್ತರದ ಕೊಡಚಾದ್ರಿಗೆ ಕಲ್ಲು ಕೊರಕಲುಗಳ ದಾರಿಯಲ್ಲಿ ದಿನಕ್ಕೆ ಹಲವು ಸಲ ಹತ್ತಿಳಿಯುವ ಜೀಪುಗಳ ಹಬ್‌ಗಳು ಎಷ್ಟು ಪೆಟ್ಟು ತಿನ್ನುತ್ತವೆ ಎಂಬುದನ್ನು ಊಹಿಸಬಹುದು. ಆ ಚಾಲಕರ ಕೈಚಳಕದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ, ಅವರಲ್ಲಿ ಅನೇಕರು ನನಗಿಂತ ಚೆನ್ನಾಗಿ ತಮ್ಮ ಗಾಡಿಯ ಆರೈಕೆ ಮಾಡುತ್ತಾರೆ. ಆದರೆ ಮಳೆಗಾಲ ಮುಗಿದು ಆಯುಧಪೂಜೆ ಬಂದಾಗ ನಾವೆಲ್ಲರೂ ಜೀಪು ತೊಳೆದು, ಹಾರ ಹಾಕಿ, ಮುಂದಿನ ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸುತ್ತೇವೆಯೇ ಹೊರತು ಅದೇ ವಾರದಲ್ಲಿ ಆ ಚಕ್ರವನ್ನು ಬಿಚ್ಚಿ ಬೇರಿಂಗ್ ತೊಳೆದು ಹೊಸ ಗ್ರೀಸು ತುಂಬುವವರು ವಿರಳ. ಎರಡೂ ಬದಿ ಸೇರಿ ಒಂದು ದಿನದ ಕೆಲಸ ಅದು.

ಇನ್ನು ಇಲಾಖೆಯಲ್ಲಿ ನನ್ನ ವಿನಂತಿ. ಬಾಡಿಗೆ ವಾಹನಗಳು ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಸ್ವಂತ ಬಳಕೆಯ ವಾಹನದ ನೋಂದಣಿಯನ್ನು ಹದಿನೈದು ವರ್ಷಗಳಿಗೆ, ಆಮೇಲೆ ಐದೈದು ವರ್ಷಗಳಿಗೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ನನ್ನ ಜೀಪಿನ ನವೀಕರಣ 2024ರಲ್ಲಿ ಆಯಿತು. ಚಾಸಿ ನಂಬರನ್ನು ಪೆನ್ಸಿಲಿನಿಂದ ಕಾಗದಕ್ಕೆ ಉಜ್ಜಿಕೊಂಡರು, ಹೆಡ್‌ಲೈಟು, ಇಂಡಿಕೇಟರು, ಹಾರ್ನು ನೋಡಿದರು. ಚಕ್ರಗಳನ್ನು ಯಾರೂ ಮುಟ್ಟಲಿಲ್ಲ. ಅಧಿಕಾರಿಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಹೊರಗೆ ಸಾಲುಗಟ್ಟಿದ್ದ ಗಾಡಿಗಳನ್ನು ನಾನೇ ಕಂಡಿದ್ದೇನೆ. ಆದರೆ ನಾನು ಹೇಳುವ ಪರೀಕ್ಷೆಗೆ ಚಕ್ರವೊಂದಕ್ಕೆ ಎರಡು ನಿಮಿಷ ಸಾಕು. ಮುಂದಿನ ಚಕ್ರವನ್ನು ಜಾಕ್ ಮೇಲೆ ಎತ್ತಿ, ಟೈರನ್ನು ಮೇಲೆ ಕೆಳಗೆ ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಬೇಕು. ಆಟ, ಅಂದರೆ ಸಡಿಲ ಅಲುಗಾಟ, ಕಂಡುಬಂದರೆ ಒಳಗೆ ಕೂತವರು ಬ್ರೇಕ್ ಒತ್ತಿ ಹಿಡಿಯಬೇಕು. ಆಗ ಆಟ ನಿಂತರೆ ದೋಷ ಬೇರಿಂಗಿನದು, ನಿಲ್ಲದಿದ್ದರೆ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ನಿನದು. ಆಮೇಲೆ ಚಕ್ರವನ್ನು ಕೈಯಿಂದ ತಿರುಗಿಸಿ ಕಿವಿಗೊಟ್ಟರೆ ಗುಳಿಬಿದ್ದ ಬೇರಿಂಗ್ ಬೀಸುವ ಕಲ್ಲಿನಂತೆ ಗೊರಗುಟ್ಟುವುದು ಕೇಳುತ್ತದೆ. ಸ್ವಯಂಚಾಲಿತ ತಪಾಸಣಾ ಕೇಂದ್ರಗಳಲ್ಲಿ ರೋಲರ್ ಮೇಲೆ ಚಕ್ರ ನಿಲ್ಲಿಸಿ ಎಡಬಲದ ಬ್ರೇಕಿನ ವ್ಯತ್ಯಾಸವನ್ನು ಅಳೆಯುವ ಯಂತ್ರಗಳಿವೆ, ಅವು ಬರಲಿ. ನಮ್ಮಂಥ ತಾಲ್ಲೂಕುಗಳಿಗೆ ಅವು ಬರುವವರೆಗೆ ಒಂದು ಜಾಕು ಆ ಕೆಲಸದ ಅರ್ಧವನ್ನಾದರೂ ಮಾಡಬಲ್ಲದು.

ಹಳೆಯ ಜೀಪುಗಳನ್ನೆಲ್ಲ ಗುಜರಿಗೆ ಹಾಕಿದರೆ ಈ ಸಮಸ್ಯೆಯೇ ಇರುವುದಿಲ್ಲ ಎನ್ನುವವರಿದ್ದಾರೆ. ನನ್ನ ಜೀಪಿನ 1994ರ ಸ್ಪಿಂಡಲನ್ನು ಅಂದು ಒರೆಸಿ ನೋಡಿದಾಗ ಅದರ ಮೇಲೆ ಒಂದು ಗೀರೂ ಇರಲಿಲ್ಲ. ಕೆಟ್ಟದ್ದೆಲ್ಲ ನಾಲ್ಕು ತಿಂಗಳ ಹಿಂದಿನ ಕೆಲಸ. ಹಾಗಾಗಿ ತಾಲ್ಲೂಕುಗಳ ಐಟಿಐಗಳಲ್ಲಿ ಮೆಕ್ಯಾನಿಕ್ ಕೆಲಸ ಕಲಿಯುವ ಹುಡುಗರಿಗೆ ಇಂಥ ಒಂದು ಹಬ್ಬನ್ನು ಬಿಚ್ಚಿ ಜೋಡಿಸುವುದನ್ನು, ಉಳಿ ಮುಟ್ಟದೆ, ಕೈಯಾರೆ ಮಾಡಿಸಿದರೆ ಉಪಕಾರವಾದೀತು.

ನನ್ನ ಜೀಪಿನ ಮುಂದಿನ ತಪಾಸಣೆ 2029ರಲ್ಲಿ ಇದೆ. ಕಚೇರಿಯಲ್ಲಿ ಜಾಕ್ ಇಲ್ಲದಿದ್ದರೆ ಜಾಕನ್ನೂ ಅದರಡಿಗೆ ಇಡಲು ಮರದ ತುಂಡನ್ನೂ ನಾನೇ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು