ಅಮ್ಮ ಮತ್ತೆ ಕಾಯಿ ಹೆರೆದಳು

ನಿನ್ನೆ ಬೆಳಿಗ್ಗೆ ಅಡುಗೆಮನೆಯಲ್ಲಿ ಕಾಯಿ ಹೆರೆಯುವ ಸದ್ದು. ಹೋಗಿ ನೋಡಿದರೆ ಅಮ್ಮ! ಬಲಗೈಯಲ್ಲೇ ಗಡಿ ಹಿಡಿದು ತಿರುಗಿಸುತ್ತಿದ್ದಳು. ಕಳೆದ ಆಟಿ ತಿಂಗಳ ಮಳೆಯಲ್ಲಿ ಮುರಿದ ಮಣಿಕಟ್ಟು ಅದು. ಸಹಾಯ ಮಾಡಿದವರಿಗೆ ಈಗಲಾದರೂ ಧನ್ಯವಾದ ಹೇಳಬೇಕು.

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಅಂಗಳಕ್ಕೆ ಸೋಗೆ ಹಾಸಿದ್ದೆವು, ಬಚ್ಚಲಿನ ಬದಿಗೆ ಹಾಸಿರಲಿಲ್ಲ. ಪಾಚಿಯಲ್ಲಿ ಜಾರಿ, ಕೈಯೂರಿ ಬಿದ್ದಳು. ಆ ಮಳೆಯಲ್ಲಿ ಕರೆದ ಕೂಡಲೇ ಬಂದ ಜೀಪಿನಣ್ಣನಿಗೆ, ಅಮ್ಮನ ಕನ್ನಡಕ್ಕೆ ಮಲಯಾಳದಲ್ಲೇ ಉತ್ತರ ಕೊಡುತ್ತಾ ರಾತ್ರಿಯಿಡೀ ನೋಡಿಕೊಂಡ ಸಿಸ್ಟರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ಎಲ್ಲಕ್ಕಿಂತ ಜಾಸ್ತಿ ಋಣ ಡಾಕ್ಟರದ್ದು. ಎಕ್ಸ್‌ರೇ ಹಿಡಿದು ನಿಧಾನವಾಗಿ ವಿವರಿಸಿದರು. ಒಂದು ದಾರಿ, ಮೂಳೆ ಎಳೆದು ಕೂರಿಸಿ ಚರ್ಮದ ಮೂಲಕ ತಂತಿ ಚುಚ್ಚಿ ಪ್ಲಾಸ್ಟರ್ ಹಾಕುವುದು. ಕೆಲವು ವಾರಗಳಲ್ಲಿ ತಂತಿ ತೆಗೆಯುತ್ತಾರೆ. ಚುಚ್ಚಿದ ಜಾಗದಲ್ಲಿ ಕೀವಾಗದಂತೆ ನೋಡಿಕೊಳ್ಳಬೇಕು. ಇನ್ನೊಂದು, ಅಂಗೈ ಬದಿಯಿಂದ ಕೊಯ್ದು ಪ್ಲೇಟು, ಸ್ಕ್ರೂ ಹಾಕುವುದು. ಕೈ ಬೇಗ ಆಡಿಸಬಹುದು, ಆದರೆ ಖರ್ಚು ಜಾಸ್ತಿ. ಕೆಲವರಿಗೆ ಪ್ಲೇಟು ಸ್ನಾಯುರಜ್ಜುವಿಗೆ ಉಜ್ಜಿ, ತೆಗೆಯಬೇಕಾಗಿಯೂ ಬರುತ್ತದೆ.

ನೆಂಟರೊಬ್ಬರು, "ಅಮ್ಮನ ಕೈಗೆ ದುಡ್ಡು ನೋಡುವುದಾ?" ಎಂದರು. ಆ ಮಾತು ಚುಚ್ಚಿತು. ಡಾಕ್ಟರಿಗೆ ಹೇಳಿದೆ. ಬ್ರಿಟನ್ನಿನಲ್ಲಿ 461 ಜನರಲ್ಲಿ ಇವೆರಡನ್ನೇ ಹೋಲಿಸಿ ನೋಡಿದ್ದಾರೆ ಎಂದರು. 2014ರಲ್ಲಿ ಫಲಿತಾಂಶ ಬಂತು. ವರ್ಷದ ನಂತರ ನೋವಿನಲ್ಲಾಗಲಿ ಕೈಯ ಕೆಲಸದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲವಂತೆ. "ಕೀಲಿನ ಮೂಳೆ ಚೂರಾಗಿ, ಎಳೆದರೂ ಕೂರದಿದ್ದರೆ ನಾನೇ ಪ್ಲೇಟು ಹೇಳುತ್ತಿದ್ದೆ. ಇವರದ್ದು ಹಾಗಲ್ಲ" ಎಂದರು. ಆ ರಾತ್ರಿ ನನಗೆ ನಿದ್ದೆ ಬಂತು. ತಂತಿ ಹಾಕಿಸಿದೆವು.

ತಂತಿ ತೆಗೆದ ಮೇಲಿನ ದಿನಗಳೇ ಕಷ್ಟದವು. ಕೈ ಮರದ ಕೊರಡಿನ ಹಾಗೆ ಬಿಗಿದಿತ್ತು, ಅಮ್ಮ ಅಳುತ್ತಿದ್ದಳು. ಒದ್ದೆ ಬೈರಾಸು ಹಿಂಡಿಸಿ, ಬಾಗಿಲ ಚಿಲಕ ತಿರುಗಿಸಿ, ತಿಂಗಳುಗಟ್ಟಲೆ ಬಿಡದೆ ಅಭ್ಯಾಸ ಮಾಡಿಸಿದ ಫಿಸಿಯೋಥೆರಪಿಯ ಹುಡುಗಿ ಒಮ್ಮೆಯೂ ಬೇಸರಿಸಲಿಲ್ಲ. ತಂಗೀ, ನಿನ್ನನ್ನು ಅಮ್ಮ ದಿನಾ ನೆನೆಯುತ್ತಾಳೆ.

ನಿನ್ನೆ ಹೆರೆದ ಕಾಯಿ ಪಾಯಸಕ್ಕೆ. ಜೀಪಿನಣ್ಣನ ಮನೆಗೆ ಒಂದು ಪಾತ್ರೆ ತುಂಬ ಅಮ್ಮನೇ ಕೊಂಡುಹೋದಳು, ಬಲಗೈಯಲ್ಲಿ.