ಸರ್ಜರಿಗೆ ಮುಂಚೆ ಹೇಳಿದವರಿಗೂ, ಆಮೇಲೆ ಹೇಳಿದವರಿಗೂ ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ. ಹೋದ ವಾರ ಮೈಸೂರಿನಲ್ಲಿ ಡಾಕ್ಟರ್ ನನ್ನ ನಿದ್ರೆ ಪರೀಕ್ಷೆಯ ರಿಪೋರ್ಟ್ ನೋಡಿ, ರಾತ್ರಿ ಮಲಗುವಾಗ ಹಾಕಿಕೊಳ್ಳುತ್ತಿದ್ದ, ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಮಷಿನ್ ಇನ್ನು ಬೇಡ ಎಂದರು. ತೂಕ ಇಳಿಸುವ ಸರ್ಜರಿ ಆಗಿ ಒಂದು ವರ್ಷ ದಾಟಿತು. 138 ಕೆ.ಜಿ. ಇದ್ದವನು ಈಗ ನೂರರ ಕೆಳಗೆ ಬಂದಿದ್ದೇನೆ. ಶುಗರ್ ಮಾತ್ರೆ ನಿಂತಿದೆ, ಬಿಪಿ ಮಾತ್ರೆ ಅರ್ಧ ಆಗಿದೆ. ಇದರಲ್ಲಿ ಕೈ ಹಾಕಿದವರು ಬಹಳ ಜನ. ಒಬ್ಬೊಬ್ಬರ ಮನೆಗೂ ಹೋಗಿ ಹೇಳೋಣ ಎಂದರೆ ಹೋದಲ್ಲೆಲ್ಲ ಊಟಕ್ಕೆ ಕೂರಿಸುತ್ತಾರೆ, ಆ ಫಜೀತಿ ಬೇಡ. ಇಲ್ಲೇ ಹೇಳಿಬಿಡುತ್ತೇನೆ.

ಮೊದಲನೆಯದು ಹೆಂಡತಿಗೆ. ಸೋಮವಾರಪೇಟೆ ಕಡೆಯ ಮಳೆಗಾಲ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಜುಲೈಯಲ್ಲಿ ಮರ ಬಿದ್ದು ಲೈನ್ ಹರಿದರೆ ದಿನಗಟ್ಟಲೆ ಕರೆಂಟ್ ಇಲ್ಲ. ಇನ್ವರ್ಟರ್ ಮೊದಲ ರಾತ್ರಿಗೇ ಕೈ ಎತ್ತುತ್ತದೆ. ಕರೆಂಟ್ ಇಲ್ಲ ಎಂದರೆ ಮಷಿನ್ ಇಲ್ಲ. ಸ್ಲೀಪ್ ಆಪ್ನಿಯಾ ಇದ್ದವರಿಗೆ ನಿದ್ರೆಯಲ್ಲಿ ಗಂಟಲು ಸಡಿಲವಾಗಿ, ಸುತ್ತ ಸೇರಿಕೊಂಡ ಕೊಬ್ಬಿನ ಭಾರಕ್ಕೆ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ನನ್ನ ಗೊರಕೆಗೆ ಇವಳಿಗೆ ಎಚ್ಚರ ಆಗುತ್ತಿರಲಿಲ್ಲ, ಗೊರಕೆ ನಿಂತರೆ ಎಚ್ಚರ ಆಗುತ್ತಿತ್ತು. ಮೊಣಕೈಯಿಂದ ಪಕ್ಕೆಗೆ ತಿವಿಯುತ್ತಿದ್ದಳು. ನಾನು ಒಂದು ಸಲ ಜೋರಾಗಿ ಉಸಿರೆಳೆದುಕೊಂಡು ಮತ್ತೆ ನಿದ್ರೆಗೆ ಹೋಗುತ್ತಿದ್ದೆ, ಅವಳು ಎದ್ದೇ ಇರುತ್ತಿದ್ದಳು. ಮಳೆಗಾಲದ ರಾತ್ರಿಗಳನ್ನು ಹಾಗೆ ಕಳೆದವಳು ಸರ್ಜರಿ ಮಾತು ಎತ್ತಿದರೆ ಅದರಲ್ಲಿ ಆಶ್ಚರ್ಯ ಏನಿದೆ?

ಎರಡನೆಯವರು ಪೊನ್ನಂಪೇಟೆ ಕಡೆಯ ಒಬ್ಬರು ನಿವೃತ್ತ ಸುಬೇದಾರರು. ಹೆಸರು ಹಾಕಬೇಡ ಎಂದಿದ್ದಾರೆ. ಅವರಿಗೆ ಬೈಪಾಸ್ ಆಗಿ ವರ್ಷಗಳಾಗಿವೆ. ಹೃದಯದ ಬೈಪಾಸ್ ಅಲ್ಲ, ತೂಕ ಇಳಿಸಲು ಮಾಡುವ ಹೊಟ್ಟೆಯದ್ದು. ಈ ಸರ್ಜರಿ ಮಾಡಿಸಿಕೊಳ್ಳುವವರಲ್ಲಿ ಪ್ರಪಂಚದಲ್ಲೆಲ್ಲ ಹೆಂಗಸರೇ ಜಾಸ್ತಿ. ಗಂಡಸರು ಹೋಗುವುದೇ ತಡ, ಹೋದರೂ ಬಾಯಿ ಬಿಡುವುದಿಲ್ಲ. ಸುಬೇದಾರರು ಬಿಟ್ಟರು. "ಡಾಕ್ಟ್ರು ಹೊಟ್ಟೆ ಸಣ್ಣ ಮಾಡ್ತಾರೆ ಮಾರಾಯ, ತಲೆಗೆ ಯಾರೂ ಆಪರೇಷನ್ ಮಾಡಲ್ಲ" ಎಂದರು. ಆವಾಗ ನಕ್ಕಿದ್ದೆ.

ನನಗೆ ಆಗಿದ್ದು ಸ್ಲೀವ್. ಹೊಟ್ಟೆಯಲ್ಲಿ ಸಣ್ಣ ಸಣ್ಣ ತೂತು ಮಾಡಿ, ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತೆಗೆದುಹಾಕುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ತೆಗೆದ ಭಾಗದಲ್ಲೇ ಹಸಿವಿನ ಹಾರ್ಮೋನು ಗ್ರೆಲಿನ್ ಜಾಸ್ತಿ ತಯಾರಾಗುವುದರಿಂದ ಮೊದಲ ತಿಂಗಳುಗಳಲ್ಲಿ ಹಸಿವೇ ಕಡಿಮೆ. ಸರ್ಜರಿಗೆ ಮುಂಚೆ ಎರಡು ವಾರ ಕಡಿಮೆ ಕ್ಯಾಲೊರಿಯ ಪಥ್ಯ. ನಮ್ಮಂಥವರ ಲಿವರ್ ಕೊಬ್ಬು ತುಂಬಿ ದೊಡ್ಡದಾಗಿರುತ್ತದೆ. ಅದು ಸ್ವಲ್ಪ ಕುಗ್ಗಿದರೆ ಸರ್ಜನ್‌ಗೆ ಅದನ್ನು ಎತ್ತಿ ಹಿಡಿದು ಜಠರದ ಹತ್ತಿರ ಹೋಗಲು ಸುಲಭ. ಈ ಕಾರಣ ಗೊತ್ತಿಲ್ಲದೆ ಪಥ್ಯ ಮಾಡಿದವರು ಕದ್ದು ತಿನ್ನುತ್ತಾರೆ. ನನಗೆ ಸುಬೇದಾರರು ಮೊದಲೇ ಹೇಳಿದ್ದರು, ಬಚಾವಾದೆ. ಆಸ್ಪತ್ರೆಯ ದಿನಗಳ ಬಗ್ಗೆ ಹೇಳುವಂಥದ್ದು ಏನಿಲ್ಲ. ಮಾರನೇ ದಿನವೇ ನಡೆಸಿದರು. ಸರ್ಜನ್‌ಗೆ, ಅರಿವಳಿಕೆ ಡಾಕ್ಟರಿಗೆ, ರಾತ್ರಿ ಪಾಳಿಯ ಸಿಸ್ಟರ್‌ಗಳಿಗೆ ದೊಡ್ಡ ನಮಸ್ಕಾರ.

ಇನ್ಶೂರೆನ್ಸ್ ವಿಷಯದಲ್ಲಿ ಕುಶಾಲನಗರದ ಬಾವನಿಗೆ ಋಣಿ. ಕಂಪನಿಯವರು ಮೊದಲು "ಇದು ಸೌಂದರ್ಯದ ಚಿಕಿತ್ಸೆ" ಎಂದು ವಾಪಸ್ ಕಳಿಸಿದ್ದರು. ಉಸಿರು ನಿಲ್ಲುವವನಿಗೆ ಸೌಂದರ್ಯವಂತೆ! ಬಾವ ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2019ರಲ್ಲಿ ಹೊರಡಿಸಿದ ನಿಯಮ ಹುಡುಕಿ ತೆಗೆದರು. ಡಾಕ್ಟರ್ ಸಲಹೆ ಇದ್ದು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 40 ಅಥವಾ ಮೇಲಿದ್ದರೆ, ಇಲ್ಲವೇ 35 ಅಥವಾ ಮೇಲಿದ್ದು ಜೊತೆಗೆ ಹೃದಯದ ತೊಂದರೆ, ತೀವ್ರ ಸ್ಲೀಪ್ ಆಪ್ನಿಯಾ ಅಥವಾ ಹತೋಟಿಗೆ ಬಾರದ ಶುಗರ್ ಇದ್ದರೆ, ಬೊಜ್ಜಿನ ಸರ್ಜರಿ ಹೊರಗಿಡುವ ಪಟ್ಟಿಗೆ ಬರುವುದಿಲ್ಲ ಎಂದು ಅದರಲ್ಲಿತ್ತು. ಅದನ್ನೇ ಬರೆದು ಕಳಿಸಿದೆವು, ಪಾಸಾಯಿತು. ಪಾಲಿಸಿಯ ವೇಟಿಂಗ್ ಪೀರಿಯಡ್ ಮುಗಿದಿದೆಯಾ ನೋಡಿಕೊಳ್ಳಿ, ಅದು ಬೇರೆ ಲೆಕ್ಕ.

ಇನ್ನು ಡಯಟೀಷಿಯನ್ ಮೇಡಂ. ಅಚ್ಚು ಹಾಕಿಸಿದ ಚಾರ್ಟಿನಲ್ಲಿ ಓಟ್ಸ್, ಬ್ರಾಕೊಲಿ, ಇನ್ನೇನೇನೋ ಇತ್ತು. ಮೇಡಂ ಅದನ್ನು ಪಕ್ಕಕ್ಕಿಟ್ಟು "ಮನೇಲಿ ಏನು ಮಾಡ್ತೀರಿ ಹೇಳಿ" ಎಂದರು. ಹುರುಳಿ ಸಾರು, ಮೊಟ್ಟೆ, ಮೀನು, ಮೊಸರು, ಮಳೆಗಾಲದಲ್ಲಿ ಗದ್ದೆ ಏಡಿ. ಅದರಲ್ಲೇ ಹೊಸ ಚಾರ್ಟ್ ಬರೆದರು. ದಿನಕ್ಕೆ ಕಡಿಮೆ ಎಂದರೆ 60 ಗ್ರಾಂ ಪ್ರೋಟೀನ್ ಹೋಗಬೇಕು. ತಟ್ಟೆಯಲ್ಲಿ ಮೊದಲು ಅದು, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಜಾಗ ಉಳಿಯುವುದಿಲ್ಲ.

ಸರ್ಜರಿ ಆದ ಮೇಲೆ ಮೊದಲು ಬರೀ ನೀರಿನಂಥದ್ದು. ಔಷಧಿ ಬಾಟಲಿಯ ಮೇಲೆ ಬರುತ್ತದಲ್ಲ, 30 ಮಿ.ಲೀ. ಮುಚ್ಚಳ, ಅದರಲ್ಲಿ ಗಂಜಿ ತಿಳಿ. ಗುಟುಕಿಸುವ ಹಾಗಿಲ್ಲ, ತುಟಿಗೆ ತಾಗಿಸಿ ತಾಗಿಸಿ ಇಳಿಸಬೇಕು. ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು. ಗಂಡಸರಿಗೆ ಇಲ್ಲಿ ಒಂದು ಮಾತು: ನಾವು ತಿನ್ನುವುದಿಲ್ಲ, ನುಂಗುತ್ತೇವೆ. ನಾನೂ ತೋಟಕ್ಕೆ ಹೊರಡುವ ಅವಸರದಲ್ಲಿ ನಾಲ್ಕು ಅಕ್ಕಿ ರೊಟ್ಟಿಯನ್ನು ನಿಂತೇ ಮುಗಿಸುತ್ತಿದ್ದವನು. ಈಗ ಒಂದು ತುತ್ತು ಸರಿಯಾಗಿ ಅಗಿಯದೆ ಇಳಿದರೆ ಎದೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಬಾಯಿ ತುಂಬಾ ನೊರೆ ನೊರೆ ಜೊಲ್ಲು ಬರುತ್ತದೆ, ಅದು ತಾನಾಗಿ ಮೇಲೆ ಬರುವ ತನಕ ಬಚ್ಚಲಲ್ಲಿ ನಿಂತಿರಬೇಕು. ಊಟದ ಜೊತೆ ನೀರು ಕುಡಿದು ತಳ್ಳೋಣ ಎಂದರೆ ಅದಕ್ಕೂ ತಡೆ. ಊಟ ಆಗಿ ಅರ್ಧ ಗಂಟೆ ಬಿಟ್ಟೇ ನೀರು. ಅಕ್ಕಿ ರೊಟ್ಟಿ, ಕಡುಬು ಎಲ್ಲಕ್ಕಿಂತ ತಡವಾಗಿ ನನಗೆ ಒಗ್ಗಿದವು. ಪಂದಿ ಕರಿ ಈಗ ತಿನ್ನುತ್ತೇನೆ, ಕೊಬ್ಬು ತೆಗೆದು ಎರಡೇ ತುಂಡು. ಕರಿಕಾಫಿಗೂ ಕೆಲವು ವಾರ ರಜೆ ಕೊಟ್ಟಿದ್ದರು. ಕಾಫಿ ಬೆಳೆಗಾರನಿಗೆ!

ಅವ್ವನಿಗೆ ಇದು ನನಗಿಂತ ಕಷ್ಟ ಆಯಿತು. ಬಡಿಸುವುದೇ ಅವಳ ಮಾತು. ಮಗ ಒಂದು ಮೊಟ್ಟೆಗೆ ಸಾಕು ಎಂದರೆ ಹೇಗಿರಬೇಡ? ಆದರೂ ಒಂದು ದಿನವೂ ಒತ್ತಾಯ ಮಾಡಲಿಲ್ಲ. ನೆಂಟರು "ಇನ್ನೊಂದು ಹಾಕಿಸ್ಕೊಳ್ಳಿ" ಎಂದಾಗ ಅವಳೇ ಅಡ್ಡ ಬಂದಳು.

ಈಗ ಗ್ಲಾಸಿನ ವಿಷಯಕ್ಕೆ ಬರುತ್ತೇನೆ. ಕೊಡಗಿನ ಗಂಡಸರು ಇದನ್ನು ಸರಿಯಾಗಿ ಓದಬೇಕು. ನಮ್ಮ ಕಡೆ ಮದುವೆ ಇರಲಿ, ಗೃಹಪ್ರವೇಶ ಇರಲಿ, ಬಂದ ಗಂಡಸಿನ ಕೈಗೆ ಗ್ಲಾಸ್ ಕೊಡದಿದ್ದರೆ ಮರ್ಯಾದೆ ಕಡಿಮೆ ಮಾಡಿದ ಹಾಗೆ. ಸರ್ಜರಿ ಆದ ಮೇಲೆ ಮದ್ಯ ನೇರ ರಕ್ತಕ್ಕೆ ಏರುತ್ತದೆ. ಮೊದಲಿಗಿಂತ ಬೇಗ, ಮೊದಲಿಗಿಂತ ಜಾಸ್ತಿ. ಒಂದು ಪೆಗ್ ಎಂದು ತೆಗೆದುಕೊಂಡು ತಿರುವಿನ ರಸ್ತೆಯಲ್ಲಿ ಜೀಪ್ ಓಡಿಸಿದರೆ ಗತಿ ಏನು? ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮೊದಲು ಊಟದಲ್ಲಿ ಸಿಗುತ್ತಿದ್ದ ಸಮಾಧಾನವನ್ನು ತಲೆ ಬೇರೆ ಕಡೆ ಹುಡುಕುತ್ತದೆ. ಸರ್ಜರಿಯ ನಂತರದ ವರ್ಷಗಳಲ್ಲಿ ಕುಡಿತ ಚಟವಾಗುವ ಸಂಭವ ಹೆಚ್ಚು, ಅದರಲ್ಲೂ ಗಂಡಸರಲ್ಲಿ ಹೆಚ್ಚು ಎಂದು ಡಾಕ್ಟರ್ ನನ್ನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೇಳಿದರು. ಸುಬೇದಾರರ ಮಾತು ನನಗೆ ಅರ್ಥವಾಗಿದ್ದು ಆ ದಿನ.

ಹೇಳುವುದು ಸುಲಭ. ಮದುವೆ ಮನೆಯಲ್ಲಿ ಗೆಳೆಯರ ಮಧ್ಯೆ ಬರಿಗೈಯಲ್ಲಿ ನಿಲ್ಲುವುದು ಸುಲಭ ಅಲ್ಲ. ಆದ್ದರಿಂದ ನನ್ನ ಗೆಳೆಯರ ಗುಂಪಿಗೆ ವಿಶೇಷ ಥ್ಯಾಂಕ್ಸ್. ಸರ್ಜರಿ ನಂತರದ ಮೊದಲ ಮದುವೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಒಬ್ಬ ಉಪ್ಪು ಹಾಕಿದ ನಿಂಬೆ ನೀರಿನ ಗ್ಲಾಸ್ ತಂದು ಕೈಗಿಟ್ಟ. ಸೋಡಾ ಹಾಕಿರಲಿಲ್ಲ. ಗ್ಯಾಸ್ ಇರುವುದು ನನಗೆ ಆಗಲ್ಲ ಎನ್ನುವುದನ್ನೂ ಕೇಳಿ ತಿಳಿದುಕೊಂಡಿದ್ದ. ಕೈಯಲ್ಲಿ ಗ್ಲಾಸ್ ಇದ್ದವನಿಗೆ ಇನ್ನೊಂದು ಗ್ಲಾಸ್ ಯಾರೂ ಕೊಡುವುದಿಲ್ಲ. ಅಲ್ಲಿಂದ ಇವತ್ತಿನ ತನಕ ಅದೇ ಉಪಾಯ ನಡೆದಿದೆ.

ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರಿಗೂ ಕೆಲಸದವರಿಗೂ ಹೇಳಲೇಬೇಕು. ಕಾಫಿ ಕುಯ್ಲು ಮುಗಿಸಿ ಹೋಗಿದ್ದೆ, ಕರಿಮೆಣಸು ಬಾಕಿ ಇತ್ತು, ಕಾಫಿ ಹೂ ಬಿಡಲು ಬೇಕಾದ ಹೂವಿನ ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಬೇರೆ. ಸರ್ಜರಿ ಆಗಿ ಒಂದು ತಿಂಗಳು ದಾಟುವ ತನಕ ಭಾರ ಎತ್ತುವಂತಿಲ್ಲ. ಪೈಪ್ ಮುಟ್ಟಲು ಹೋದರೆ ರೈಟರ್ ಗದರುತ್ತಿದ್ದರು. ಸಂಬಳ ಕೊಡುವವನನ್ನೇ!

ದೇಹದ ಬಗ್ಗೆ ಯಾರೂ ಹೇಳದ ಕೆಲವು ಸಂಗತಿ ಇವೆ. ಹೋದ ಮಳೆಗಾಲದಲ್ಲಿ ತಲೆಕೂದಲು ಬಾಚಣಿಗೆ ತುಂಬಾ ಬಂತು. ತೂಕ ಬೇಗ ಇಳಿದಾಗ ಮೂರರಿಂದ ಆರು ತಿಂಗಳ ನಡುವೆ ಹೀಗಾಗುವುದು ಮಾಮೂಲಿ, ಮತ್ತೆ ಬೆಳೆಯುತ್ತದೆ. ಬೆಳೆಯಿತು, ಇದ್ದಷ್ಟು. ಚಳಿ ವಿಪರೀತ, ಹೊದಿಕೆಯಂತಿದ್ದ ಕೊಬ್ಬು ಹೋಯಿತಲ್ಲ. ಪಿತ್ತಕೋಶದಲ್ಲಿ ಕಲ್ಲಾಗದಿರಲು ಆರು ತಿಂಗಳು ಮಾತ್ರೆ ಕೊಟ್ಟಿದ್ದರು. ಬಿಪಿ ಮಾತ್ರೆ ಹಳೇ ಲೆಕ್ಕದಲ್ಲೇ ಮುಂದುವರಿದರೆ ಎದ್ದು ನಿಂತಾಗ ತಲೆ ಸುತ್ತುತ್ತದೆ, ಡಾಕ್ಟರನ್ನು ಕೇಳಿ ಕಡಿಮೆ ಮಾಡಿಸಬೇಕು. ತೋಟದಲ್ಲಿ ಸೊಂಟ ನೋವಿಗೆ ನಾವು ಕಡಲೆಯಂತೆ ನುಂಗುವ ನೋವಿನ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ಮುಟ್ಟುವಂತಿಲ್ಲ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪರ್ಯಂತ. ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ. ಚೆನ್ನಾಗಿದ್ದೇನೆ ಎಂದು ಬಿಟ್ಟುಬಿಡುವವರೇ ಜಾಸ್ತಿಯಂತೆ.

ಎದೆಯ ಮೇಲಿನ, ಹೊಟ್ಟೆಯ ಮೇಲಿನ ಚರ್ಮ ಜೋತು ಬಿದ್ದಿದೆ. ಶರ್ಟ್ ಹಾಕಿದರೆ ಗೊತ್ತಾಗುವುದಿಲ್ಲ, ತೆಗೆದರೆ ಗೊತ್ತಾಗುತ್ತದೆ. ಅದಕ್ಕೆ ಬೇರೆ ಸರ್ಜರಿ ಇದೆ, ನಾನು ಮಾಡಿಸುವುದಿಲ್ಲ. ಇನ್ನೊಂದು ವಿಷಯ ನಾನು ಕೇಳಲು ನಾಚಿದ್ದು, ಡಾಕ್ಟರೇ ಎತ್ತಿದರು. ದೇಹದ ಕೊಬ್ಬು ಗಂಡಸಿನ ಹಾರ್ಮೋನನ್ನು ಹೆಣ್ಣಿನ ಹಾರ್ಮೋನಾಗಿ ಬದಲಿಸುತ್ತದೆ. ತೂಕ ಇಳಿದಂತೆ ಟೆಸ್ಟೋಸ್ಟಿರಾನ್ ಸಾಮಾನ್ಯವಾಗಿ ಏರುತ್ತದೆ. ಇಷ್ಟು ಸಾಕು, ಉಳಿದದ್ದು ಮನೆ ವಿಷಯ.

ತೆಳ್ಳಗಾದಾಗ ಊರವರು ಏನೇನೋ ಅಂದರು. ದೊಡ್ಡ ಕಾಯಿಲೆಯಂತೆ, ತೋಟ ಮಾರುತ್ತಾನಂತೆ. ಒಬ್ಬರು ಗಿರಾಕಿಯನ್ನೂ ಕಳಿಸಿದ್ದರು. ಅವರಿಗೂ ಥ್ಯಾಂಕ್ಸ್, ಒಳ್ಳೆ ರೇಟ್ ಹೇಳಿದ್ದರು.

ಗೆಳೆಯರು ಪುಷ್ಪಗಿರಿ ಹತ್ತೋಣ ಬಾ ಎನ್ನುತ್ತಿದ್ದಾರೆ. ಬೇಡಪ್ಪ, ನನ್ನ ತೋಟದ ಏರನ್ನು ನಿಲ್ಲದೆ ಹತ್ತುತ್ತೇನೆ, ಸದ್ಯಕ್ಕೆ ಅಷ್ಟು ಸಾಕು. ಈ ಸರ್ಜರಿ ಬಗ್ಗೆ ಯೋಚನೆ ಮಾಡುತ್ತಿರುವ ಗಂಡಸರು ಯಾರಾದರೂ ಇದ್ದರೆ ಸೋಮವಾರದ ಸಂತೆಯಲ್ಲಿ ಸಿಗುತ್ತೇನೆ, ಏನು ಬೇಕಾದರೂ ಕೇಳಿ. ಬರುವಾಗ ನಿಮ್ಮ ಮನೆಯವರನ್ನೂ ಕರೆದುಕೊಂಡು ಬನ್ನಿ. ನಾನು ಬಿಟ್ಟಿದ್ದನ್ನು ನನ್ನ ಹೆಂಡತಿ ಅವರಿಗೆ ಹೇಳುತ್ತಾಳೆ.